ಮನೆಗೊಂದು ಕೋವಿ: ಕೊಳ್ಳುವ ಮೊದಲು ನಾಲ್ಕು ಮಾತು

ಕಳೆದ ಕೊಯ್ಲಿನ ಕಾಲದಲ್ಲಿ ಒಂದು ಸಂಜೆ, ಸಾಲಿಗ್ರಾಮದ ನಮ್ಮ ಸಂಘದ ಕಛೇರಿಗೆ ಬೀಗ ಹಾಕುವ ಹೊತ್ತಿಗೆ, ಪಿರಿಯಾಪಟ್ಟಣದ ಕಡೆಯ ಕಿರಿಯ ಸದಸ್ಯರೊಬ್ಬರು ಬಂದರು. ಮೂರು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆ. ಮನೆಯಲ್ಲಿ ವಯಸ್ಸಾದ ತಂದೆ ತಾಯಿ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ತೋಟದ ಮನೆ ಊರಿನಿಂದ ಒಂದು ಮೈಲಿ ದೂರ. ಗೊಬ್ಬರದ ಬಾಕಿಯ ಲೆಕ್ಕ ಮುಗಿದ ಮೇಲೂ ಅವರು ಏಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದರು:

"ಅಣ್ಣಾ, ಮನೇಲೊಂದು ಕೋವಿ ಇಟ್ಕೋಬೇಕು ಅಂತಿದ್ದೀನಿ. ಹಂದಿ ಕಾಟಕ್ಕೂ ಆಗ್ಬೇಕು, ಕಳ್ಳರ ಭಯಕ್ಕೂ ಆಗ್ಬೇಕು, ಹಂಗೇ ಯಾವಾಗ್ಲಾದ್ರೂ ಒಂದು ಶಿಕಾರಿಗೂ ಆಗ್ಬೇಕು. ಯಾವ್ದು ತಗೊಳ್ಲಿ ಹೇಳಿ."

ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಹಲವು ಸದಸ್ಯರು ನಮ್ಮನ್ನು ಕೇಳಿದ್ದಾರೆ. ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಂಚಿನವರಿಗೆ ಆನೆ, ಹಂದಿಗಳ ಚಿಂತೆ. ಕಾವೇರಿ ನಾಲೆಯ ಬದಿಯ ಅಡಿಕೆಯವರಿಗೆ ಕಳ್ಳರ ಚಿಂತೆ. ಆದ್ದರಿಂದ ಆ ಸಂಜೆ ನಾವು ಹೇಳಿದ್ದನ್ನೂ, ಆಮೇಲೆ ಕಾಯಿದೆ ಪುಸ್ತಕ ತೆರೆದು ಖಚಿತ ಮಾಡಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮನೆಯಲ್ಲೂ ಮೂರು ತಲೆಮಾರಿನಿಂದ ಕೋವಿಯಿದೆ. ಹಾಗಾಗಿ ಇದು ಬರೀ ಓದಿ ಹೇಳುವ ಮಾತಲ್ಲ.

ಶಿಕಾರಿಯ ಆಸೆ

ಮೂರು ಆಸೆಗಳಲ್ಲಿ ಕೊನೆಯದನ್ನು ಮೊದಲು ಮುಗಿಸಿಬಿಡೋಣ. ಶಿಕಾರಿಗೆಂದು ಕೋವಿ ಕೊಳ್ಳುವ ಕಾಲ ಮುಗಿದು ಅರ್ಧ ಶತಮಾನವಾಯಿತು.

ನಮ್ಮ ಅಜ್ಜನವರು ಹಬ್ಬದ ಮರುದಿನ ಊರಿನ ಹತ್ತು ಜನರನ್ನು ಕಟ್ಟಿಕೊಂಡು ಕಾಡಿಗೆ ಹೋಗುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕತೆಯಾಗಿ ಕೇಳಿದ್ದೇವೆ. ಅದು ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿದ್ದ ಕಾಲ. ಅಲ್ಲಿನ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಈ ಕಾಯಿದೆಯ 9ನೆಯ ಕಲಮಿನ ಪ್ರಕಾರ ಪಟ್ಟಿಯಲ್ಲಿರುವ ಪ್ರಾಣಿಗಳ ಬೇಟೆ ನಿಷಿದ್ಧ. ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಉರುಳು ಹಾಕುವುದು, ಬಲೆ ಬೀಸುವುದು, ಸೋವುವುದು, ವಿಷವಿಡುವುದು, ಇವುಗಳಿಗೆ ಪ್ರಯತ್ನಿಸುವುದು, ಎಲ್ಲವೂ ಬೇಟೆಯೇ. "ಏಟು ತಪ್ಪಿತು, ಪ್ರಾಣಿ ಸಾಯಲಿಲ್ಲ" ಎಂಬ ವಾದ ನಡೆಯುವುದಿಲ್ಲ.

2022ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಗಿ ಶಿಕ್ಷೆ ಇನ್ನೂ ಬಿಗಿಯಾಗಿದೆ. ಮೊದಲ ಅನುಸೂಚಿಯ ಪ್ರಾಣಿಯಾದರೆ, ಆನೆ, ಹುಲಿ, ಚಿರತೆ, ನವಿಲುಗಳೆಲ್ಲ ಅದರಲ್ಲಿವೆ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಇದರ ಜೊತೆಗೆ ನ್ಯಾಯಾಲಯವು ಕೋವಿಯ ಲೈಸೆನ್ಸನ್ನು ರದ್ದುಪಡಿಸಿ, ಐದು ವರ್ಷ ಹೊಸದನ್ನು ಪಡೆಯದಂತೆ ಆದೇಶಿಸಬಹುದು. ಒಂದು ಹೊತ್ತಿನ ಬಾಡೂಟಕ್ಕೆ ತೋಟ ಅಡವಿಡುವವರು ನಮ್ಮಲ್ಲಿ ಯಾರೂ ಇರಲಾರರೆಂದು ನಂಬುತ್ತೇವೆ.

ಹಂದಿ, ಆನೆ, ಮಂಗ

ಇನ್ನು ಬೆಳೆ ರಕ್ಷಣೆ. ಇಲ್ಲಿ ನಮ್ಮ ಸದಸ್ಯರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆಯಿದೆ. "ಬೆಳೆ ರಕ್ಷಣೆಗೆಂದು ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ, ಆದ್ದರಿಂದ ತೋಟಕ್ಕೆ ಬಂದ ಹಂದಿಯನ್ನು ಹೊಡೆಯಬಹುದು" ಎಂಬುದೇ ಆ ತಪ್ಪು. ಕೋವಿಯ ಲೈಸೆನ್ಸ್ ಕೊಡುವುದು ಶಸ್ತ್ರಾಸ್ತ್ರ ಕಾಯಿದೆ. ಅದು ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ಮಾತ್ರ. ಪ್ರಾಣಿಯನ್ನು ಹೊಡೆಯಲು ಅನುಮತಿ ಕೊಡುವುದು ಇನ್ನೊಂದು ಕಾಯಿದೆ, ಇನ್ನೊಂದು ಇಲಾಖೆ. ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಇಂಥ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಅನುಮತಿ ಕೊಡಬೇಕು. ಆ ಕಾಗದ ಕೈಯಲ್ಲಿಲ್ಲದೆ ಹೊಡೆದರೆ ಲೈಸೆನ್ಸಿನ ಕೋವಿಯಾದರೂ ಅಪರಾಧವೇ. ಅನುಮತಿಯಿಂದ ಹೊಡೆದರೂ ಸತ್ತ ಹಂದಿ ಸರ್ಕಾರದ್ದು, ನಮ್ಮ ಅಡಿಗೆಮನೆಯದಲ್ಲ.

ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲವೆಂದು 11ನೆಯ ಕಲಮು ಹೇಳುತ್ತದೆ, ನಿಜ. ಆದರೆ ಅದು ಕಾಯಿದೆಗೆ ವಿರುದ್ಧವಾದ ಬೇರೊಂದು ಕೆಲಸದಲ್ಲಿ ತೊಡಗಿದ್ದವನಿಗೆ ಅನ್ವಯಿಸುವುದಿಲ್ಲ. ಉರುಳಿಗೆ ಬಿದ್ದ ಹಂದಿಯನ್ನು ನೋಡಹೋಗಿ ಅದು ತಿರುಗಿಬಿದ್ದಾಗ ಹೊಡೆದೆನೆಂದರೆ ಯಾರೂ ಕೇಳರು.

ಆನೆಯ ಮಾತಂತೂ ಬೇರೆಯೇ. ನಮ್ಮಲ್ಲಿ ಸಿಗುವ ಚರೆಯ ಕೋವಿಯಿಂದ ಆನೆಗೆ ಆಗುವುದು ಗಾಯ ಮಾತ್ರ. ಮೈಯಲ್ಲಿ ಸೀಸ ಹೊತ್ತು ನೋವಿನಿಂದ ತಿರುಗುವ ಆನೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಬರುವ ಹೆಣ್ಣಾಳಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ. ಹೊಡೆದವನು ಮನೆಯೊಳಗಿರುತ್ತಾನೆ, ಸಾಯುವವರು ಬೇರೆಯವರು. ಇದು ಕಾಯಿದೆಗಿಂತ ದೊಡ್ಡ ಮಾತು.

ಹಾಗಾದರೆ ಬೆಳೆ ರಕ್ಷಣೆಯ ಕೋವಿ ಏತಕ್ಕೆ? ನಮ್ಮ ಅನುಭವದಲ್ಲಿ ಅದು ಸದ್ದಿಗೆ. ಕೇಪಿನ ಕೋವಿಗೆ ಚರೆ ಹಾಕದೆ ಬರೀ ಮದ್ದು ತುಂಬಿ ಹೊಡೆದರೆ ಹಂದಿಯ ಹಿಂಡು ಹೊರಡುತ್ತದೆ, ಮಂಗಗಳೂ ಹೊರಡುತ್ತವೆ. ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತವೆ ಎಂಬುದೂ ನಿಜ.

ಕಳ್ಳರ ಭಯ, ನಮ್ಮದೇ ಒಂದು ರಾತ್ರಿ

ಈಗ ಮನೆ ರಕ್ಷಣೆ. ಇದಕ್ಕೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇವೆ.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಾವು ಪದವಿ ಮುಗಿಸಿ ಊರಿಗೆ ಬಂದು ತೋಟ ನೋಡಿಕೊಳ್ಳಲು ಆರಂಭಿಸಿದ್ದೆವು. ಆ ವರ್ಷ ಅಡಿಕೆಗೆ ಒಳ್ಳೆಯ ಧಾರಣೆ. ಪಕ್ಕದ ಎರಡು ತೋಟಗಳಲ್ಲಿ ಕೊನೆ ಕದ್ದಿದ್ದರು, ಒಂದು ಮನೆಯ ಅಂಗಳದಿಂದ ಒಣಗಿದ ಅಡಿಕೆಯ ಮೂಟೆಗಳೇ ಹೋಗಿದ್ದವು. ನಮ್ಮ ರಕ್ತ ಬಿಸಿಯಿತ್ತು. ತಂದೆಯವರ ಜೋಡು ನಳಿಗೆಯ ಕೋವಿಗೆ ಎರಡು ತೋಟೆ ಹಾಕಿಕೊಂಡು ಕಣದ ಮಗ್ಗುಲ ಜಗಲಿಯಲ್ಲಿ ಕಾದು ಕುಳಿತೆವು. ನಡುರಾತ್ರಿ ಕಳೆದ ಮೇಲೆ ಕಾಫಿ ಗಿಡಗಳ ನಡುವೆ ಸರಸರ ಸದ್ದಾಯಿತು. ಒಮ್ಮೆ ನಿಂತಿತು, ಮತ್ತೆ ಹತ್ತಿರ ಬಂತು. ಕೋವಿ ಎತ್ತಿದೆವು. ಕುದುರೆಯ ಮೇಲೆ ಬೆರಳಿತ್ತು.

ಹಿಂದಿನಿಂದ ತಂದೆಯವರ ಕೈ ನಳಿಗೆಯ ಮೇಲೆ ಬಿತ್ತು. "ಯಾರು ಅಂತ ಕೇಳ್ದೇನೋ?" ಎಂದರು.

ಕೇಳಿರಲಿಲ್ಲ. ತಂದೆಯವರೇ ಕೂಗಿದರು. ಕತ್ತಲೊಳಗಿಂದ ಅಳುದನಿಯಲ್ಲಿ ಉತ್ತರ ಬಂತು: "ನಾನು ಬುದ್ಧೀ... ಕರ ತಪ್ಪಿಸ್ಕೊಂಡದೆ." ನಮ್ಮ ಕೆಲಸದಾಳಿನ ಮಗ. ಹನ್ನೆರಡು ವರ್ಷದ ಹುಡುಗ. ಕರು ತಪ್ಪಿಸಿಕೊಂಡಿತೆಂದು, ಅಪ್ಪ ಬಯ್ಯುತ್ತಾನೆಂದು, ದೀಪವೂ ಇಲ್ಲದೆ ಹುಡುಕುತ್ತ ಬಂದಿದ್ದ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆಮೇಲೂ ಎಷ್ಟೋ ರಾತ್ರಿ ಬರಲಿಲ್ಲ. ತಂದೆಯವರು ಬಯ್ಯಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಒಂದೇ ಮಾತು ಹೇಳಿದರು: "ಕಾಣದ್ದಕ್ಕೆ ಈಡು ಹೊಡೀಬಾರ್ದು ಮಗ." ಹಂದಿಯೆಂದು ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಕಾಫಿ ಸೀಮೆಯಿಂದ ಇಂದಿಗೂ ಬರುತ್ತಲೇ ಇದೆ. ಅಂಥ ಸುದ್ದಿ ಓದಿದಾಗಲೆಲ್ಲ ನಮಗೆ ಆ ಹುಡುಗನ ದನಿ ಕೇಳುತ್ತದೆ. ಆತ ಇಂದು ಎರಡು ಮಕ್ಕಳ ತಂದೆ, ಒಂದು ಎಕರೆ ಅಡಿಕೆಯ ಒಡೆಯ, ನಮ್ಮ ಸಂಘದ ಸದಸ್ಯ.

ಈಗ ಕಾಯಿದೆಯ ಮಾತು. ಅಂದು ಅಲ್ಲಿದ್ದದ್ದು ನಿಜವಾದ ಕಳ್ಳನೇ ಆಗಿದ್ದರೂ ನಮಗೆ ಹೊಡೆಯುವ ಹಕ್ಕಿತ್ತೇ? ಆಗ ಇದ್ದದ್ದು ಭಾರತೀಯ ದಂಡ ಸಂಹಿತೆ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ವಿಷಯದಲ್ಲಿ ಎರಡರದೂ ಒಂದೇ ಮಾತು. ಜೀವಕ್ಕೆ ಅಪಾಯವಾದಾಗ, ಸುಲಿಗೆ ನಡೆದಾಗ, ರಾತ್ರಿ ಮನೆ ಒಡೆದು ನುಗ್ಗಿದಾಗ, ವಾಸದ ಮನೆಗೆ ಬೆಂಕಿಯಿಟ್ಟಾಗ, ಇಂಥ ಸಂದರ್ಭಗಳಲ್ಲಿ ಮಾತ್ರ ಎದುರಾಳಿಯ ಪ್ರಾಣ ಹೋಗುವಷ್ಟು ಬಲ ಬಳಸುವ ಹಕ್ಕುಂಟು. ಅದೂ ಎಷ್ಟು ಅಗತ್ಯವೋ ಅಷ್ಟೇ, ಪೋಲೀಸರ ನೆರವು ಪಡೆಯಲು ಸಮಯವಿಲ್ಲದಿದ್ದಾಗ ಮಾತ್ರ. ತೋಟದಲ್ಲಿ ಕೊನೆ ಕೊಯ್ಯುತ್ತಿರುವವನನ್ನು, ಮೂಟೆ ಹೊತ್ತು ಓಡುತ್ತಿರುವವನನ್ನು ಕೋವಿಯಿಂದ ಹೊಡೆದರೆ ಅದು ಕೊಲೆಯ ಮೊಕದ್ದಮೆಯೇ. ಒಂದು ಮೂಟೆ ಅಡಿಕೆಗೆ ಒಂದು ಜೀವವೂ ಸಮವಲ್ಲ, ನಮ್ಮ ಉಳಿದ ಆಯುಷ್ಯವೂ ಸಮವಲ್ಲ.

ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಬೇಕು. ಕೋವಿಯ ಲೈಸೆನ್ಸ್ ಮನೆಗೆ ಕೊಡುವುದಲ್ಲ, ಮನುಷ್ಯನಿಗೆ ಕೊಡುವುದು. ಯಜಮಾನನ ಹೆಸರಿನ ಕೋವಿಯನ್ನು ಅವನಿಲ್ಲದಾಗ ಹೆಂಡತಿಯಾಗಲಿ ಮಗನಾಗಲಿ ಹಿಡಿದು ತಿರುಗುವಂತಿಲ್ಲ. ಆ ಕಿರಿಯ ಸದಸ್ಯರನ್ನು ನಾವು ಕೇಳಿದೆವು: "ನೀವು ಮೈಸೂರಿಗೆ ಹೋದ ದಿನ ಆ ಕೋವಿ ಯಾರನ್ನು ಕಾಯುತ್ತದೆ?" ಅವರ ಬಳಿ ಉತ್ತರವಿರಲಿಲ್ಲ.

ಆದರೂ ಬೇಕೆಂದರೆ, ಯಾವುದು?

ಇಷ್ಟೆಲ್ಲ ತಿಳಿದ ಮೇಲೂ ಒಂಟಿ ಮನೆಯವರಿಗೆ, ಕಾಡಂಚಿನವರಿಗೆ ಕೋವಿ ಬೇಕೆನಿಸಿದರೆ ತಪ್ಪೆನ್ನಲಾರೆವು. ಅಂಥವರಿಗಾಗಿ ನಮಗೆ ತಿಳಿದ ಗುಣದೋಷಗಳನ್ನು ಹೇಳುತ್ತೇವೆ.

ಕೇಪಿನ ಕೋವಿ: ಬಾಯಿಂದ ಮದ್ದು ತುಂಬಿ, ಕೇಪು ಇಟ್ಟು ಹೊಡೆಯುವ ಹಳೆಯ ಕೋವಿ. ಬೆಳೆ ರಕ್ಷಣೆಗೆಂದು ಶಸ್ತ್ರಾಸ್ತ್ರ ಕಾಯಿದೆ ಮೊದಲು ಹೆಸರಿಸುವುದೇ ಇದನ್ನು. ಇದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೆಳೆ ರಕ್ಷಣೆಗೆ ತೋಟೆಯ ಕೋವಿ. ಸದ್ದಿಗೆ ಇದು ಸಾಕು. ಆದರೆ ಮಳೆಗಾಲದಲ್ಲಿ ಮದ್ದು ತೇವ ಹಿಡಿಯುತ್ತದೆ, ಒಮ್ಮೆ ತುಂಬಿದರೆ ಬರಿದು ಮಾಡುವುದು ಕಷ್ಟ. ತುಂಬಿದ ಕೋವಿಯನ್ನು ಹಾಗೇ ಗೋಡೆಗೆ ಒರಗಿಸಿಡುವ ಕೆಟ್ಟ ಅಭ್ಯಾಸ ಹುಟ್ಟಿದ್ದು ಇದರಿಂದಲೇ.

ಒಂಟಿ ನಳಿಗೆ, ಜೋಡು ನಳಿಗೆ: 12 ಬೋರಿನ ತೋಟೆಯ ಕೋವಿಗಳು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡಿನ ದಪ್ಪ ಎಷ್ಟೋ ಅಷ್ಟು ನಳಿಗೆಯ ಒಳ ಅಗಲ, ಅಂದರೆ ಸುಮಾರು 18.5 ಮಿಲಿಮೀಟರ್. ಹನ್ನೆರಡು ಬೋರು ಎಂಬ ಹೆಸರು ಬಂದದ್ದು ಹೀಗೆ. ಸಾಮಾನ್ಯ ಬೆಳೆಗಾರನ ಮನೆಗೆ ಒಂದೇ ಕೋವಿ ಎಂದಾದರೆ ನಮ್ಮ ಅಭಿಮತ ಇದರ ಕಡೆಗೇ. ಕಾರಣ, ನಡು ಮುರಿದು ನೋಡಿದರೆ ತೋಟೆ ಇದೆಯೋ ಇಲ್ಲವೋ ಕುರುಡು ದೀಪದಲ್ಲೂ ಕಾಣುತ್ತದೆ. ಮುರಿದು ಹಿಡಿದ ಕೋವಿ ಹಾರುವುದಿಲ್ಲ. ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಸುರುಳಿ ಗೆರೆಯಿಲ್ಲದ ಇಂಥ ಕೋವಿಗೆ ಕಾಯಿದೆಯ 13ನೆಯ ಕಲಮಿನಲ್ಲಿಯೂ ಸಲೀಸು ಹೆಚ್ಚು.

ಪಂಪ್ ಕೋವಿ: ಒಂದರ ಹಿಂದೊಂದು ಹಲವು ತೋಟೆ ಹಿಡಿಸುವಂಥದ್ದು. ನಮ್ಮ ದೇಶದ ಇಚ್ಛಾಪುರದ ಕಾರ್ಖಾನೆಯಲ್ಲಿಯೂ ತಯಾರಾಗುತ್ತದೆ. ಒಂದು ತೋಟೆ ಹೊಡೆದ ಮೇಲೆ ಇನ್ನೊಂದು ಒಳಗಿರುವುದು ಮರೆತುಹೋಗುವುದು ಸುಲಭ. ನಿತ್ಯ ಅಭ್ಯಾಸವಿಲ್ಲದವರಿಗೆ ಬೇಡ.

ರೈಫಲ್: 0.315ರಂಥ ರೈಫಲಿನ ಗುಂಡು ಗುರಿ ತಪ್ಪಿದರೆ ಒಂದು ಮೈಲಿಗೂ ಆಚೆ ಹೋಗುತ್ತದೆ. ನಮ್ಮದು ಎರಡು, ಮೂರು ಎಕರೆಯ ತೋಟಗಳ ಸೀಮೆ. ನಮ್ಮ ಬೇಲಿಯಾಚೆ ನೆರೆಯವರ ಕಣ, ಅದರಾಚೆ ಆಳುಗಳ ಮನೆಗಳ ಸಾಲು, ಅದರಾಚೆ ಶಾಲೆ. ರೈಫಲಿಗೆ ಇಲ್ಲಿ ಜಾಗವಿಲ್ಲ. ಕೋವಿಯ ದಪ್ಪ ಚರೆ ಕೂಡ, ಗುರಿಗೆ ತಾಕುವುದು ಮೂವತ್ತು ನಲವತ್ತು ಗಜದೊಳಗಾದರೂ, ತಪ್ಪಿದರೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹಾರಬಲ್ಲದೆಂಬುದನ್ನು ನೆನಪಿಡಬೇಕು.

ರಿವಾಲ್ವರ್: ಗಿಡ್ಡ ನಳಿಗೆ, ಕಷ್ಟದ ಗುರಿ, ಸಣ್ಣ ಕೈಗೂ ಸಿಕ್ಕಿಬಿಡುವ ಗಾತ್ರ. ತೋಟಕ್ಕೆ ಉಪಯೋಗವಿಲ್ಲ. ಮಕ್ಕಳಿರುವ ಮನೆಗೆ ನಾವು ಹೇಳುವುದಿಲ್ಲ.

ಏರ್‌ಗನ್: 0.177 ಅಂಗುಲದ ಒಳಗಿನ, ಕಡಿಮೆ ಬಲದ ಏರ್‌ಗನ್ನಿಗೆ ಲೈಸೆನ್ಸ್ ಬೇಡವೆಂದು ಹುಡುಗರಿಗೆ ಕೊಡಿಸುವವರಿದ್ದಾರೆ. ಅದರಿಂದ ನವಿಲನ್ನೋ ಮಂಗವನ್ನೋ ಹೊಡೆದರೂ ವನ್ಯಜೀವಿ ಕಾಯಿದೆಯ ಕೈಗೆ ಸಿಕ್ಕಿಬೀಳುವುದು ತಂದೆಯೇ.

ಹಳೆಯ ಕೋವಿ ಕೊಳ್ಳುವವರಿಗೆ ಎರಡು ಎಚ್ಚರಿಕೆ. ಹಳೆಗಾಲದ ಹೆಣೆದ ಕಬ್ಬಿಣದ ನಳಿಗೆಗೆ ಇಂದಿನ ಹೊಗೆಯಿಲ್ಲದ ಮದ್ದಿನ ತೋಟೆ ಹಾಕಬಾರದು, ನಳಿಗೆ ಸಿಡಿಯುತ್ತದೆ. 65 ಮಿಲಿಮೀಟರಿನ ತೋಟೆಗೆ ಮಾಡಿದ ಕೋವಿಗೆ 70 ಮಿಲಿಮೀಟರಿನದನ್ನೂ ಹಾಕಬಾರದು. ಇನ್ನು ಕಮ್ಮಾರಸಾಲೆಯಲ್ಲಿ ಗುಟ್ಟಾಗಿ ಮಾಡಿದ ನಾಡಕೋವಿಯ ಸಹವಾಸವೇ ಬೇಡ. ಲೈಸೆನ್ಸಿಲ್ಲದ ಕೋವಿ ಇಟ್ಟುಕೊಂಡರೆ 2019ರ ತಿದ್ದುಪಡಿಯ ಮೇಲೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ.

ಲೈಸೆನ್ಸಿನ ದಾರಿ

ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿಗಳಿಗೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೋಲೀಸು ವರದಿ ಬರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಮೇಲೆ ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯೂ ಆಗಿರಬೇಕು. ಪಹಣಿ, ತೋಟದ ವಿವರ, ಬೆಳೆ ಹಾನಿಯ ಬಗ್ಗೆ ಹಿಂದೆ ಕೊಟ್ಟ ದೂರುಗಳ ನಕಲು ಇದ್ದರೆ ಅರ್ಜಿಗೆ ಬಲ ಬರುತ್ತದೆ.

ಕಾಡಂಚಿನ ಸದಸ್ಯರಿಗೆ ಇನ್ನೊಂದು ಮೆಟ್ಟಿಲಿದೆ. ವನ್ಯಧಾಮದಿಂದ 10 ಕಿಲೋಮೀಟರಿನೊಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕೆಂದು ವನ್ಯಜೀವಿ ಕಾಯಿದೆಯ 34ನೆಯ ಕಲಮು ಹೇಳುತ್ತದೆ. ನಾಗರಹೊಳೆ, ಬಂಡೀಪುರಗಳು ನಮ್ಮ ಬಾಗಿಲಲ್ಲೇ ಇರುವುದರಿಂದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಅನೇಕ ಹಳ್ಳಿಗಳು ಈ ಸುತ್ತಿನೊಳಗೇ ಬರುತ್ತವೆ. ಕೋವಿಯ ಅಗತ್ಯ ಹೆಚ್ಚಿದ್ದವರಿಗೇ ತಡೆಯೂ ಹೆಚ್ಚು ಎಂಬ ಅಸಮಾಧಾನ ನಮ್ಮ ಸದಸ್ಯರಲ್ಲಿದೆ. ಅದರಲ್ಲಿ ಹುರುಳಿಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ ನಿಯಮವಿರುವವರೆಗೆ ಅದರಂತೆಯೇ ನಡೆಯಬೇಕು.

ಲೈಸೆನ್ಸಿನ ಅವಧಿ ಮೊದಲು ಮೂರು ವರ್ಷವಿದ್ದದ್ದು 2019ರ ತಿದ್ದುಪಡಿಯಿಂದ ಐದು ವರ್ಷವಾಗಿದೆ. ಒಬ್ಬರ ಬಳಿ ಮೂರು ಕೋವಿಗಳವರೆಗೆ ಇರಬಹುದಾಗಿದ್ದದ್ದು ಎರಡಕ್ಕೆ ಇಳಿದಿದೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಹೊಡೆಯುವುದೂ ಈಗ ಅಪರಾಧ. ಹಿರಿಯ ಸದಸ್ಯರು ತಿಳಿದಿರಬೇಕಾದ ಒಂದು ಅನುಕೂಲವುಂಟು: ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಪಡೆದು 25 ವರ್ಷವಾದರೆ ಅದನ್ನು ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬಹುದು. ಯಜಮಾನರು ತೀರಿಕೊಂಡ ಮೇಲೆ ಕೋವಿಯನ್ನು ಅಟ್ಟದ ಮೇಲೆ ಹಾಗೇ ಬಿಟ್ಟರೆ ಮನೆಯವರೆಲ್ಲ ತಪ್ಪಿತಸ್ಥರಾಗುತ್ತಾರೆ. ಕೂಡಲೇ ಠಾಣೆಯಲ್ಲೋ ಲೈಸೆನ್ಸುಳ್ಳ ಕೋವಿ ಅಂಗಡಿಯಲ್ಲೋ ಠೇವಣಿಯಿಟ್ಟು ರಸೀದಿ ಪಡೆದು, ಆಮೇಲೆ ವಾರಸಿನ ಅರ್ಜಿ ಹಾಕಬೇಕು.

ಗಡಿಯ ಸದಸ್ಯರಿಗೆ ಒಂದು ಮಾತು. "ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗೇಕೆ?" ಎಂದು ಕೇಳುವವರುಂಟು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು; 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅವರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ನಡೆಯುತ್ತದೆ. ಅದು ಆ ಜನಕ್ಕೆ, ಆ ಹಿಡುವಳಿಗೆ ಸಂಬಂಧಿಸಿದ್ದು. ಕುಶಾಲನಗರದ ಸೇತುವೆ ದಾಟಿ ಈಚೆ ಬಂದ ಮೈಸೂರು ಜಿಲ್ಲೆಯ ನಮಗೆ ಅದು ಅನ್ವಯಿಸದು. ಕೊಡಗಿನ ಗೆಳೆಯರ ಕೋವಿಯನ್ನು ಎರಡು ದಿನಕ್ಕೆಂದು ತಂದಿಟ್ಟುಕೊಳ್ಳುವುದೂ ಅಪರಾಧವೇ.

ಚುನಾವಣೆ ಬಂದಾಗ ಕೋವಿಗಳನ್ನು ಠೇವಣಿ ಇಡಬೇಕೆಂಬ ಸೂಚನೆ ಬರುತ್ತದೆ. ಬೆಳೆ ಕೈಗೆ ಬರುವ ಹೊತ್ತಿನಲ್ಲಾದರೆ ಬೆಳೆಗಾರನಿಗೆ ಕಷ್ಟವೇ. ವಿನಾಯಿತಿ ಬೇಕಾದವರು ಗೊಣಗುತ್ತ ಕೂರದೆ, ಕಾರಣ ತಿಳಿಸಿ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಬೇಗ ಅರ್ಜಿ ಕೊಡುವುದು ಲೇಸು.

ಮನೆಯೊಳಗಿನ ಶಿಸ್ತು

ಕೋವಿ ಕೊಂಡ ದಿನದಿಂದ ಅಪಾಯ ಹೊರಗಿಂದ ಮಾತ್ರವಲ್ಲ, ಒಳಗಿಂದಲೂ ಬರಬಹುದು. ನಮ್ಮ ಮನೆಯ ಕಟ್ಟಳೆಗಳು ಹೀಗಿವೆ. ಕೋವಿ ಕಬ್ಬಿಣದ ಬೀರುವಿನಲ್ಲಿ, ತೋಟೆ ಬೇರೆ ಪೆಟ್ಟಿಗೆಯಲ್ಲಿ. ಎರಡು ಬೀಗ, ಎರಡು ಬೀಗದ ಕೈ. ತುಂಬಿದ ಕೋವಿ ಹೊಸ್ತಿಲು ದಾಟಿ ಒಳಗೆ ಬರಕೂಡದು. ಎಷ್ಟು ಸಲ ಕೈಗೆತ್ತಿಕೊಂಡರೂ ಅಷ್ಟೂ ಸಲ ಮುರಿದು ನೋಡಬೇಕು. ಈಗತಾನೆ ನೋಡಿದ್ದೆ ಎಂಬ ಮಾತಿಲ್ಲ. ಖಾಲಿಯಿದ್ದರೂ ನಳಿಗೆ ಮನುಷ್ಯರ ಕಡೆಗೆ ತಿರುಗಬಾರದು. ಬೇಲಿ, ಚರಂಡಿ ದಾಟುವಾಗ ತೋಟೆ ತೆಗೆಯಬೇಕು. ಕುಡಿದವರು ಮುಟ್ಟಬಾರದು, ಯಜಮಾನನೇ ಆದರೂ ಸರಿ.

ನಮ್ಮ ಸೀಮೆಯಲ್ಲಿ ಇನ್ನೊಂದು ವಿಶೇಷವುಂಟು. ಕುಂಬಾರ ಹುಳ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಅದನ್ನು ನೋಡದೆ ಹೊಡೆದರೆ ನಳಿಗೆ ಸೀಳಿ ಎಡಗೈಯ ಬೆರಳು ಹೋಗುತ್ತದೆ. ತುಂಬುವ ಮೊದಲು ನಳಿಗೆಯ ಮೂಲಕ ಬೆಳಕು ನೋಡಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರಸಬೇಕು.

ಕೊನೆಯದನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇವೆ. ಧಾರಣೆ ಬಿದ್ದ ವರ್ಷ, ಸಾಲದ ನೋಟೀಸು ಬಂದ ವರ್ಷ, ಮನೆಯಲ್ಲಿ ಯಾರದಾದರೂ ಮನಸ್ಸು ಕೆಟ್ಟಿದ್ದರೆ, ಯಾರಾದರೂ ಮಾತು ಬಿಟ್ಟು ಮೂಲೆ ಸೇರಿದ್ದರೆ, ಆ ಕಾಲ ಕಳೆಯುವವರೆಗೆ ಕೋವಿಯನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಬಿಟ್ಟು ಬನ್ನಿ. ಅದರಲ್ಲಿ ಅವಮಾನವೇನಿಲ್ಲ. ಸಾಲದ ಮಾತನ್ನು ಸಂಘದ ಕಛೇರಿಯಲ್ಲಿ ಕೂತು ಆಡೋಣ. ಕಂತು ಮುಂದಕ್ಕೆ ಹಾಕಬಹುದು. ಹೋದ ಜೀವ ತರಲಾಗದು.

ಕೋವಿಗಿಂತ ಮೊದಲಿನ ಕೆಲಸ

ಕೋವಿಯ ಹಣದಲ್ಲಿ ಆಗುವ ಬೇರೆ ಕೆಲಸಗಳಿವೆ. ತೋಟದ ಮನೆಯ ನಾಲ್ಕು ಮೂಲೆಗೆ ಸೋಲಾರ್ ದೀಪ. ಗಟ್ಟಿ ಕದ, ಒಳಗಿನ ಅಗುಳಿ. ಎರಡು ಒಳ್ಳೆಯ ನಾಯಿ. ನೆರೆಯ ಐದು ಮನೆಯವರೊಡನೆ ಒಪ್ಪಂದ: ಒಬ್ಬರು ಫೋನು ಮಾಡಿದರೆ ಐವರೂ ದೀಪ ಹಚ್ಚಿ ಹೊರಬರುವುದು. ಒಣಗಿದ ಅಡಿಕೆಯನ್ನು ಒಂಟಿ ಮನೆಯಲ್ಲಿ ರಾಶಿ ಹಾಕಿಕೊಳ್ಳದೆ ಊರೊಳಗಿನ ಭದ್ರವಾದ ಗೋದಾಮಿಗೆ ಸೇರಿಸುವುದು. ಕಾಡಂಚಿನವರು ಸೋಲಾರ್ ಬೇಲಿಯ ಸಹಾಯಧನಕ್ಕೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ಬೇಲಿಗೆ ನೇರವಾಗಿ ಕರೆಂಟು ಕೊಡುವುದು ಮಾತ್ರ ಬೇಡವೇ ಬೇಡ. ಅದಕ್ಕೆ ಆನೆಯೂ ಒಂದೇ, ಹುಲ್ಲಿಗೆ ಬಂದ ಹೆಂಗಸೂ ಒಂದೇ. ಆನೆ, ಚಿರತೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡುವುದು. ಬೆಳೆ ಹಾನಿಯಾದ ದಿನವೇ ಫೋಟೋ ತೆಗೆದು ಪರಿಹಾರಕ್ಕೆ ಅರ್ಜಿ ಹಾಕುವುದು. ಪರಿಹಾರ ಸಾಲದು, ತಡವಾಗಿ ಬರುತ್ತದೆ ಎಂಬ ದೂರು ನಮ್ಮದೂ ಹೌದು. ಆದರೂ ಅರ್ಜಿಯೇ ಇಲ್ಲದಿದ್ದರೆ ಹಾನಿಯಾದದ್ದು ಲೆಕ್ಕಕ್ಕೇ ಬರುವುದಿಲ್ಲ.

ಆ ಕಿರಿಯ ಸದಸ್ಯರು ಕೊನೆಗೆ ಏನು ಮಾಡಿದರೆಂದು ಓದುಗರು ಕೇಳಬಹುದು. ಮೊದಲು ದೀಪ ಹಾಕಿಸಿದರು, ನಾಯಿ ತಂದರು, ಹಂದಿ ನುಗ್ಗುವ ಕಡೆ ಸೋಲಾರ್ ಬೇಲಿ ಎಳೆಸಿದರು. ಜೋಡು ನಳಿಗೆಯ ಕೋವಿಗೆ ಅರ್ಜಿಯನ್ನೂ ಕೊಟ್ಟಿದ್ದಾರೆ, ಅದಿನ್ನೂ ತೀರ್ಮಾನವಾಗಿಲ್ಲ. "ಬಂದ್ರೆ ಬರ್ಲಿ ಅಣ್ಣಾ, ಬರ್ದಿದ್ರೂ ಈಗ ನಿದ್ದೆ ಬರ್ತದೆ" ಎಂದರು.

ನಮ್ಮ ತಂದೆಯವರ ಕೋವಿ ಈಗ ನಮ್ಮ ಹೆಸರಿನಲ್ಲಿದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೊರಬಂದು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಬೀರು ಸೇರುತ್ತದೆ. ಮುಂದಿನ ನವೀಕರಣದ ಹೊತ್ತಿಗೆ ಮಗನನ್ನು ಕೂರಿಸಿಕೊಂಡು, ಬೇಕೋ ಬೇಡವೋ ನೀನೇ ಹೇಳೆಂದು ಕೇಳಬೇಕೆಂದಿದ್ದೇವೆ. ಬೇಕೆಂದರೆ ಆ ರಾತ್ರಿಯ ಕತೆಯನ್ನು ಮೊದಲು ಹೇಳಿ, ಆಮೇಲೆ ಬೀಗದ ಕೈ ಕೊಡುತ್ತೇವೆ.

ಲೈಸೆನ್ಸ್ ಅರ್ಜಿ, ನವೀಕರಣ, ವಾರಸು ಬದಲಾವಣೆ, ಬೆಳೆ ಹಾನಿ ಪರಿಹಾರ, ಇವುಗಳ ಬಗ್ಗೆ ಸಹಾಯ ಬೇಕಾದ ಸದಸ್ಯರು ದಾಖಲೆಗಳ ನಕಲಿನೊಂದಿಗೆ ಸಂಘದ ಕಛೇರಿಗೆ ಬರಬಹುದು.